ಬಿದ್ದ ಪಾಸ್ಟರ್‌ಗೆ ಕ್ಷಮೆ ಇದೆ, ಆದರೆ ಸೇವೆಗೆ ವಾಪಸ್?

ಸಭೆ ನಡೆಸುವ ಪಾಸ್ಟರ್ ಒಬ್ಬ ದೊಡ್ಡ ಪಾಪದಲ್ಲಿ ಬಿದ್ದ ಅಂದಾಗ ಎರಡು ಪ್ರಶ್ನೆಗಳಿವೆ. ಈ ಮನುಷ್ಯನಿಗೆ ಕ್ಷಮೆ ಇದೆಯಾ? ಇವನ ಕೈಗೆ ಮತ್ತೆ ಸಭೆಯನ್ನು ಕೊಡಬೇಕಾ? ಮೊದಲನೆಯದಕ್ಕೆ ಹೌದು ಅಂದ ಕೂಡಲೇ ಎರಡನೆಯದಕ್ಕೂ ಹೌದು ಅಂದುಬಿಡುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ.

ದೂರು ಬಂದಾಗ ಬೈಬಲ್ ಹೇಳುವುದು: 1 ತಿಮೊಥೆಯ 5:19-21. ಸಭೆಯ ಹಿರಿಯರ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು, ಪಾಪದಲ್ಲಿ ನಡೆಯುವವರನ್ನು ಎಲ್ಲರೆದುರು ಗದರಿಸಬೇಕು, ಪಕ್ಷಪಾತ ಕೂಡದು. 19ನೇ ವಚನಕ್ಕೇ ನಿಲ್ಲಿಸಬೇಡಿ. ಮತ್ತಾಯ 18 ತೋರಿಸಿ, ‘ಮೊದಲು ನೀನೊಬ್ಬಳೇ ಹೋಗಿ ಪಾಸ್ಟರ್ ಹತ್ತಿರ ಮಾತಾಡು’ ಅಂತ ನೊಂದ ಹೆಣ್ಣುಮಗಳನ್ನು ಅದೇ ಕೋಣೆಗೆ ಕಳಿಸುವುದು ಕ್ರೌರ್ಯ.

ಈಗ ನನಗೆ ತುಂಬಾ ಕಷ್ಟವಾದ ಭಾಗ. ‘ಪೇತ್ರನನ್ನು ಯೇಸು ಮತ್ತೆ ನಿಲ್ಲಿಸಲಿಲ್ವಾ? ದಾವೀದ ಅರಸನಾಗಿಯೇ ಉಳಿಯಲಿಲ್ವಾ?’ ಈ ವಾದ ಎಲ್ಲ ಕಡೆ ಬರುತ್ತದೆ.

ಶಿಷ್ಯ ಪೇತ್ರ ಹೆದರಿ ಒಂದು ರಾತ್ರಿ ಯೇಸುವಿನ ಬಗ್ಗೆ ‘ಅವನನ್ನು ಅರಿಯೆ’ ಅಂದ. ದೊಡ್ಡ ಪಾಪವೇ. ಆದರೆ ತನ್ನನ್ನು ನಂಬಿದ ಕುರಿಯನ್ನು ಅವನು ಬಳಸಿಕೊಳ್ಳಲಿಲ್ಲ, ವರ್ಷಗಟ್ಟಲೆ ಎರಡು ಬಾಳು ಬಾಳಲಿಲ್ಲ. ಹಾಗಾಗಿ ಯೇಸು ಪೇತ್ರನನ್ನು ಮತ್ತೆ ನಿಲ್ಲಿಸಿದ ಯೋಹಾನ 21ನ್ನು ಎಲ್ಲ ಬೀಳುವಿಕೆಗೂ ಅಂಟಿಸಲಾಗದು. ದಾವೀದನ ಕಥೆ ಇನ್ನೂ ಹತ್ತಿರ. ಅಧಿಕಾರ ಬಳಸಿ ಬತ್ಷೆಬೆಯನ್ನು ಕರೆಸಿಕೊಂಡ, ಅವಳ ಗಂಡ ಊರೀಯನನ್ನು ಕೊಲ್ಲಿಸಿದ. 2 ಸಮುವೇಲ 12:13-14 ನಿಧಾನವಾಗಿ ಓದಿ. ಪ್ರವಾದಿ ನಾತಾನ ‘ಕರ್ತನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ’ ಅನ್ನುತ್ತಾನೆ, ಅದೇ ಉಸಿರಲ್ಲಿ ಅವಳಿಗೆ ಹುಟ್ಟಿದ ಮಗು ಸಾಯುತ್ತದೆ ಅನ್ನುತ್ತಾನೆ. ಕ್ಷಮೆ ಬಂತು, ಪರಿಣಾಮ ಹೋಗಲಿಲ್ಲ. ಅವನು ಸಿಂಹಾಸನದಲ್ಲಿ ಉಳಿದದ್ದೇನೋ ನಿಜ. ಆದರೆ ಪಾಸ್ಟರ್ ಅರಸನಲ್ಲ. ಅವನಿಗೆ 1 ತಿಮೊಥೆಯ 3ರ ಅಳತೆಗೋಲು ಇದೆ: ದೋಷಾರೋಪಣೆ ಇಲ್ಲದವನು, ಹೊರಗಿನವರಲ್ಲೂ ಒಳ್ಳೆ ಹೆಸರಿರುವವನು. ಆ ಹೆಸರು ಕಣ್ಣೀರು ಹಾಕಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ.

ಉದಾಹರಣೆಗೆ ಅಮೆರಿಕದ ಟಿವಿ ಪ್ರಸಂಗಿ ಜಿಮ್ಮಿ ಸ್ವಾಗರ್ಟ್. 1988ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಅಳುತ್ತಾ ಕ್ಷಮೆ ಕೇಳಿದರು. ಒಂದು ವರ್ಷ ಪ್ರಸಂಗ ಮಾಡಬೇಡಿ ಅಂತ ಅವರ ಸಭಾ ಸಂಸ್ಥೆ ಅಸೆಂಬ್ಲೀಸ್ ಆಫ್ ಗಾಡ್ ಹೇಳಿದಾಗ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ಸಂಸ್ಥೆ ಅವರ ಪಾಸ್ಟರ್ ಮಾನ್ಯತೆಯನ್ನೇ ತೆಗೆದುಹಾಕಿತು. ಪಶ್ಚಾತ್ತಾಪ ಗೊತ್ತಾಗುವುದು ‘ಕೆಳಗೆ ಇಳಿ’ ಅಂದಾಗ ಅಲ್ವಾ?

ಗಲಾತ್ಯ 6:1 ಎತ್ತಿ ನಿಲ್ಲಿಸಲು ಹೇಳುವುದು ಮನುಷ್ಯನನ್ನು. ಹುದ್ದೆಯ ಮಾತೇ ಅಲ್ಲಿಲ್ಲ. ಊಟಕ್ಕೆ ಕರೆಯಿರಿ, ಜೊತೆಗೆ ಪ್ರಾರ್ಥಿಸಿ, ಅವನ ಹೆಂಡತಿ ಮಕ್ಕಳನ್ನು ಕೈಬಿಡಬೇಡಿ. ಹಸ್ತ ಇಡುವುದಕ್ಕೆ, ಅಂದರೆ ಸೇವೆಗೆ ನೇಮಿಸುವುದಕ್ಕೆ ಮಾತ್ರ ಅವಸರ ಬೇಡ (1 ತಿಮೊಥೆಯ 5:22). ಯಾವಾಗ ಅನ್ನುವುದನ್ನು ಅವನ ಆಪ್ತರೇ ಕೂತು ತೀರ್ಮಾನಿಸಬಾರದು. ಅವನಿಂದ ನೊಂದವರನ್ನು ಮೊದಲು ಕೇಳಬೇಕು. ಅವನು ಮತ್ತೆ ಆ ಸಭೆಯಲ್ಲಿ ನಿಂತರೆ ಅವರು ಅಲ್ಲಿ ಕೂರಬಲ್ಲರಾ? ಇಲ್ಲ ಅಂತ ಅವರು ಹೇಳಿದರೆ ಅಲ್ಲಿಗೆ ಆ ಮಾತು ಮುಗಿಯಿತು.