‘ವಿನಂತಿಸಿಕೊಳ್ಳುವುದೇನೆಂದರೆ’ ಆದ ಮೇಲೆ ಏನು?

ಕೊಡಗಿನ ಯಾವುದಾದರೂ ಹೈಸ್ಕೂಲಿಗೆ ಹೋಗಿ. ‘ನಿಮ್ಮೂರಿಗೆ ಬಸ್ ಬಿಡುವಂತೆ ಕೋರಿ ಪತ್ರ ಬರೆಯಿರಿ’ ಅಂತ ಹತ್ತನೇ ತರಗತಿಯ ಮಕ್ಕಳಿಗೆ ಹೇಳಿ ನೋಡಿ. ಕೈ ತಾನಾಗಿ ಓಡುತ್ತದೆ. ಎಡಗಡೆ ‘ಇವರಿಂದ’. ಅದರ ಕೆಳಗೆ ‘ಇವರಿಗೆ: ಘಟಕ ವ್ಯವಸ್ಥಾಪಕರು, ಕೆಎಸ್‌ಆರ್‌ಟಿಸಿ, ಮಡಿಕೇರಿ’. ಆಮೇಲೆ ‘ಮಾನ್ಯರೇ’, ‘ವಿಷಯ’. ಅಷ್ಟಾದ ಮೇಲೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಇಲ್ಲಿಗೆ ಪೆನ್ನು ನಿಲ್ಲುತ್ತದೆ. ಮುಂದಿನದು ಎರಡೇ ಸಾಲು. ನಮ್ಮೂರಿಗೆ ಬಸ್ ಇಲ್ಲ, ತುಂಬಾ ತೊಂದರೆ ಆಗಿದೆ, ದಯವಿಟ್ಟು ಬಸ್ ಬಿಡಿಸಿಕೊಡಿ. ವಂದನೆಗಳೊಂದಿಗೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ.

ಇದೇ ಮಗು ಶಾಲೆಯ ಪ್ರವಾಸಕ್ಕೆ ಹೋಗಲು ಅಮ್ಮನನ್ನು ಒಪ್ಪಿಸುವಾಗ ಹೇಗೆ ಮಾತಾಡುತ್ತದೆ ಗೊತ್ತಲ್ವಾ? ‘ಟೀಚರೂ ಬರ್ತಾರೆ. ಅರ್ಧ ದುಡ್ಡು ಅಜ್ಜಿ ಕೊಡ್ತಾರಂತೆ. ಕಾಫಿ ಕುಯ್ಲು ಅಂತೀಯಾ? ಅದು ಶುರುವಾಗೋ ಮೊದಲೇ ವಾಪಸ್ ಬಂದಿರ್ತೀವಿ.’ ಅಮ್ಮ ಏನು ತಕರಾರು ತೆಗೆಯುತ್ತಾಳೆ ಅಂತ ಮೊದಲೇ ಊಹಿಸಿ, ಅದಕ್ಕೂ ಉತ್ತರ ಇಟ್ಟುಕೊಂಡೇ ಬಂದಿರುತ್ತದೆ. ಮನವೊಲಿಸುವ ವಿದ್ಯೆ ಮಗುವಿಗೆ ಬರುತ್ತದೆ. ಬಿಳಿ ಹಾಳೆ ಮುಂದೆ ಕೂತಾಗ ಮಾತ್ರ ಎಲ್ಲವೂ ಮಾಯ. ಯಾಕೆ ಹೀಗೆ ಅಂತ ಹುಡುಕಿಕೊಂಡು ಹೊರಟರೆ ಮಡಿಕೇರಿಯ ಕೋಟೆಯವರೆಗೂ ಹೋಗಬೇಕಾಗುತ್ತದೆ.

ಆ ಕೋಟೆಯೊಳಗಿನ ಅರಮನೆಯನ್ನು ಈಗಿನ ರೂಪದಲ್ಲಿ ಕಟ್ಟಿಸಿದ್ದು ಕೊಡಗನ್ನು ಆಳಿದ ಹಾಲೇರಿ ಮನೆತನದ ಅರಸ ಲಿಂಗರಾಜೇಂದ್ರ, 1812ರಿಂದ 1814ರ ನಡುವೆ. ಮನೆಯಲ್ಲಿ ಯಾರು ಯಾವ ಭಾಷೆ ಆಡಿದರೂ ಹಾಲೇರಿ ಅರಸರ ಆಡಳಿತದ ಬರಹ ನಡೆದದ್ದು ಕನ್ನಡದಲ್ಲಿ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡಿತು. ಅರಮನೆಯಲ್ಲಿ ಸರ್ಕಾರಿ ಕಚೇರಿಗಳು ಬಂದವು. ಸ್ವಾತಂತ್ರ್ಯ ಬಂದ ಮೇಲೂ ಬಹಳ ಕಾಲ ಜಿಲ್ಲಾಧಿಕಾರಿ ಕಚೇರಿ ಅಲ್ಲೇ ನಡೆಯಿತು. ಅರಸನ ಕಾಲದಲ್ಲಿ ಬಿನ್ನಹ ಹಿಡಿದು ಹತ್ತಿದ ಮೆಟ್ಟಿಲನ್ನೇ ಮೊಮ್ಮಕ್ಕಳು ಅರ್ಜಿ ಹಿಡಿದು ಹತ್ತಿದರು. ಅವರ ಮೊಮ್ಮಕ್ಕಳು ಮನವಿ ಹಿಡಿದು ಹತ್ತಿದರು. ಕೂತವರು ಬದಲಾದರು, ನಿಂತವರ ಭಂಗಿ ಅಷ್ಟೇನೂ ಬದಲಾಗಲಿಲ್ಲ.

ಪದಗಳನ್ನೇ ನೋಡಿ. ‘ಅರ್ಜಿ’ ಅರಬ್ಬಿ, ಫಾರ್ಸಿ ಕಡೆಯಿಂದ ಬಂದದ್ದು. ಅದನ್ನು ಸುಮ್ನೆ ಕೊಡುವುದಿಲ್ಲ, ‘ಗುಜರಾಯಿಸುತ್ತೇವೆ’. ‘ತಮ್ಮ ವಿಧೇಯ’ ಅನ್ನುವುದು ಇಂಗ್ಲಿಷ್ ಪತ್ರಗಳ ಕೊನೆಯಲ್ಲಿ ಬರುತ್ತಿದ್ದ ‘ಒಬಿಡಿಯಂಟ್ ಸರ್ವೆಂಟ್’ಗೆ ಹತ್ತಿರದ ನೆಂಟ. ಈ ಬಗೆಯ ಪತ್ರದಲ್ಲಿ ಕಾರಣ ಕೊಡುವುದಕ್ಕಿಂತ ತಗ್ಗುವುದು ಮುಖ್ಯ. ಕೊಡುವವನು ಕೊಡುವುದು ದಯೆಯಿಂದ, ವಾದಕ್ಕೆ ಸೋತು ಅಲ್ಲ. ದೊರೆಯ ಜತೆ ಯಾರಾದರೂ ವಾದ ಮಾಡುತ್ತಾರಾ?

ತಮಾಷೆ ಅಂದರೆ, ಕೊಡಗಿನ ಕಡೆಯ ದೊರೆಯೇ ಕೊನೆಗೆ ಅರ್ಜಿದಾರನಾದ. ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನ ಜತೆ ಇಂಗ್ಲೆಂಡಿಗೆ ಹೋದ. ಕಂಪನಿ ತನಗೆ ಕೊಡಬೇಕಾದ ಹಣ ಕೊಡಲಿ ಅಂತ ಅಲ್ಲಿ ಮೊಕದ್ದಮೆ ಹೂಡಿದ. ಹಣ ಕೈಸೇರಲಿಲ್ಲ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ.

ಹೊಸ ಬಗೆಯ ಶಾಲೆಗಳು ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಂಪನಿ ಆಡಳಿತದ ಶಿಕ್ಷಣ ನೀತಿಯಾದ 1854ರ ವುಡ್ ವರದಿ ದೇಶಭಾಷೆಗಳಲ್ಲಿ ಕಲಿಸಬೇಕು ಅಂದಿತು. ಕೊಡಗಿನ ಮಟ್ಟಿಗೆ ಆ ಭಾಷೆ ಕನ್ನಡವಾಯಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಅವರ ನಂತರ ಬಂದ ಜಿ. ರಿಕ್ಟರ್ ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದರು. 1870ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಕೈಪಿಡಿ ಬರೆದವರೂ ಅವರೇ. ಆ ಕಾಲದ ಶಿಕ್ಷಣಕ್ಕೆ ಬೇಕಾಗಿದ್ದದ್ದು ಕಚೇರಿ ಕಾಗದ ಓದಬಲ್ಲ, ಬರೆಯಬಲ್ಲ ಜನ. ಅಂಥವರು ಪತ್ರದ ನಮೂನೆ ತಪ್ಪಬಾರದು. ಒಳಗಿನ ಮಾತು ಮೇಲಿನವರು ಹೇಳಿದ್ದಾದರೆ ಸಾಕು. ನಮ್ಮ ಪತ್ರ ಲೇಖನದ ಪಾಠಕ್ಕೆ ಆ ಗುಮಾಸ್ತೆಯ ವಾಸನೆ ಇವತ್ತಿಗೂ ಅಂಟಿಕೊಂಡಿದೆ ಅಂತ ನನಗನ್ನಿಸುತ್ತದೆ.

ಹಾಗಂತ ಕೊಡಗಿನಲ್ಲಿ ವಾದ ಮಾಡುವವರಿಗೇನೂ ಬರ ಇರಲಿಲ್ಲ. ಕೊಡವರ ಮದುವೆಯಲ್ಲಿ ಎರಡೂ ಮನೆತನದ ಪರವಾಗಿ ಮಾತಾಡಲು ‘ಅರುವ’ ಇರುತ್ತಾರೆ. ಸಮ್ಮಂಧ ಕೊಡುವ ಶಾಸ್ತ್ರದಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ. ಹೆಣ್ಣಿಗೆ ಆ ಮನೆಯಲ್ಲಿ ಏನೇನು ಹಕ್ಕು ಅನ್ನುವುದು ಎಲ್ಲರೆದುರು ಮಾತಿನಲ್ಲೇ ಇತ್ಯರ್ಥವಾಗಬೇಕು. ಅಂದ ಹಾಗೆ ‘ಕೊಡವ ತಕ್ಕ್’ ಅನ್ನುವಾಗಿನ ‘ತಕ್ಕ್’ ಅಂದರೇ ಮಾತು.

1934ರ ಫೆಬ್ರುವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದು ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿ ತೋಟದಲ್ಲಿ ಉಳಿದಿದ್ದರು. ಕಥೆಗಾರ್ತಿ ಕೊಡಗಿನ ಗೌರಮ್ಮ ಇದ್ದದ್ದೂ ಅದೇ ತೋಟದಲ್ಲಿ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಗಾಂಧೀಜಿ ತಮ್ಮ ಮನೆಗೆ ಬರಲೇಬೇಕು ಅಂತ ಗೌರಮ್ಮ ಉಪವಾಸ ಕೂತರು. ಉಪವಾಸದ ಗುರುವಿನ ಮೇಲೇ ಉಪವಾಸದ ಅಸ್ತ್ರ! ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಎದುರಿಗಿರುವವರು ಯಾವ ಮಾತಿಗೆ ಬಗ್ಗುತ್ತಾರೆ ಅಂತ ತಿಳಿದುಕೊಂಡು ಅದನ್ನೇ ಬಳಸುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

1950ರ ದಶಕವಂತೂ ಇಡೀ ಜಿಲ್ಲೆಯೇ ಚರ್ಚಾ ಸ್ಪರ್ಧೆಯಲ್ಲಿದ್ದ ಕಾಲ. ಆಗ ಕೊಡಗು ಪ್ರತ್ಯೇಕ ‘ಸಿ’ ರಾಜ್ಯ, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯ. ಮೈಸೂರಿನ ಜತೆ ಸೇರಬೇಕೋ, ಬೇರೆಯಾಗೇ ಇರಬೇಕೋ? ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್ ಸೇರೋಣ ಅಂದಿತು. ‘ಕೊಡಗು’ ಪತ್ರಿಕೆ ನಡೆಸಿದ್ದ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ ಬೇಡ ಅಂದಿತು. 1952ರ ಚುನಾವಣೆಯಲ್ಲಿ 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15, ಎದುರಿನವರಿಗೆ 9 ಬಂದವು. 1956ರ ನವೆಂಬರ್ 1ರಂದು ಕೊಡಗು ಮೈಸೂರಿನೊಂದಿಗೆ ಸೇರಿತು. ಎರಡೂ ಕಡೆಯವರು ಬರೆದರು, ಭಾಷಣ ಮಾಡಿದರು, ಕರಪತ್ರ ಹಂಚಿದರು. ಕಾಫಿ ಅಂಗಡಿಯಲ್ಲಿ ಜಗಳ ಆಡಿದವರೂ ಇದ್ದಾರು.

ಆದರೆ ಇದು ಯಾವುದೂ ತರಗತಿಯ ಬಾಗಿಲು ದಾಟಿ ಒಳಗೆ ಬರಲಿಲ್ಲ. ಒಳಗೆ ನಡೆಯುತ್ತಿದ್ದದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪ್ರಬಂಧದ ವಿಷಯವೂ ಎಲ್ಲರೂ ಮೊದಲೇ ಒಪ್ಪಿಕೊಂಡದ್ದು. ಗ್ರಂಥಾಲಯದ ಮಹತ್ವ. ಪರಿಸರ ಸಂರಕ್ಷಣೆಯಲ್ಲಿ ವಿದ್ಯಾರ್ಥಿಗಳ ಪಾತ್ರ. ಗ್ರಂಥಾಲಯ ಬೇಡ ಅನ್ನುವವರು ಯಾರಿದ್ದಾರೆ? ಎದುರಾಳಿಯೇ ಇಲ್ಲದ ಕುಸ್ತಿ ಅದು.

ಗಾದೆ ವಿಸ್ತರಣೆ ಇನ್ನೂ ಒಂದು ಹೆಜ್ಜೆ ಮುಂದೆ. ‘ಗಾದೆಗಳು ವೇದಗಳಿಗೆ ಸಮಾನ’ ಅಂತಲೇ ಶುರು ಮಾಡಬೇಕು. ಅಲ್ಲಿಗೆ ವಾದ ಮುಗಿದೇ ಹೋಯಿತು. ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುವ ಗಾದೆ ಕೊಡಿ. ತೋಟದ ಕೂಲಿಯವರ ಲೈನ್‌ಮನೆಯ ಹುಡುಗನೊಬ್ಬ ‘ನನ್ನ ಅಪ್ಪನ ಕೈ ದಿನಾ ಕೆಸರಾಗುತ್ತದೆ, ಮೊಸರು ಮಾತ್ರ ಬಂದಿಲ್ಲ’ ಅಂತ ಬರೆದರೆ ಮೇಷ್ಟ್ರು ಎಷ್ಟು ಅಂಕ ಕೊಡುತ್ತಾರೆ? ನಾನಾದರೆ ಪೂರ್ತಿ ಕೊಟ್ಟೇನು. ಆದರೆ ಬೋರ್ಡ್ ಪರೀಕ್ಷೆಯ ಉತ್ತರ ಪತ್ರಿಕೆ ಯಾರ ಕೈಗೆ ಹೋಗುತ್ತದೋ ಗೊತ್ತಿರುವುದಿಲ್ಲ. ಅದಕ್ಕೇ ಮೇಷ್ಟ್ರುಗಳು ಮಕ್ಕಳಿಗೆ ‘ರಿಸ್ಕ್ ಬೇಡ’ ಅನ್ನುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ.

ಬೇರೆ ದೇಶಗಳಲ್ಲೂ ಇದೇ ತಕರಾರು ಎದ್ದಿತ್ತು. 1980ರ ದಶಕದಲ್ಲಿ ಸಿಡ್ನಿಯ ಜಿಮ್ ಮಾರ್ಟಿನ್, ಜೋನ್ ರಾದರಿ ಮುಂತಾದ ಭಾಷಾ ತಜ್ಞರು ಶಾಲಾ ಮಕ್ಕಳ ಬರಹಗಳನ್ನು ಗುಡ್ಡೆ ಹಾಕಿಕೊಂಡು ಓದಿದರು. ಸಿಕ್ಕಿದ್ದು ಹೆಚ್ಚಾಗಿ ಕಥೆ, ಅನುಭವದ ವರದಿ. ವಾದ ಮಂಡಿಸುವ ಬರಹ ಅಪರೂಪ. ನೌಕರಿ, ಕೋರ್ಟು, ಕಚೇರಿಯಲ್ಲಿ ಬೇಕಾಗುವುದು ಎರಡನೆಯದು. ಓದುಬರಹ ಇರುವ ಮನೆಯ ಮಕ್ಕಳು ಅದನ್ನು ಮನೆಯಲ್ಲೇ ಕಲಿತುಬಿಡುತ್ತಾರೆ, ಉಳಿದವರಿಗೆ ಶಾಲೆ ಬಿಟ್ಟರೆ ಗತಿಯಿಲ್ಲ ಅನ್ನುವುದು ಅವರ ವಾದ. ಅದಕ್ಕೊಂದು ದಾರಿಯನ್ನೂ ಹೇಳಿದರು. ಮೊದಲು ಒಳ್ಳೆಯ ಮಾದರಿಯೊಂದನ್ನು ಬಿಚ್ಚಿ ನೋಡುವುದು. ಆಮೇಲೆ ಟೀಚರ್ ಮತ್ತು ಇಡೀ ತರಗತಿ ಸೇರಿ ಬೋರ್ಡಿನ ಮೇಲೆ ಒಂದು ಬರೆಯುವುದು. ಕೊನೆಗೆ ಪ್ರತಿ ಮಗು ತಾನೇ ಬರೆಯುವುದು. ನಮ್ಮಲ್ಲಿ ನಡುವಿನ ಹೆಜ್ಜೆಯೇ ಇಲ್ಲ. ಮಾದರಿ ಪತ್ರ ಬೋರ್ಡಿನ ಮೇಲೆ ಬರುತ್ತದೆ, ಮಕ್ಕಳು ಇಳಿಸಿಕೊಳ್ಳುತ್ತಾರೆ, ಆಮೇಲೆ ನೇರ ಪರೀಕ್ಷೆ.

ಆಸ್ಟ್ರೇಲಿಯಾದಲ್ಲಿ ಮುಂದೇನಾಯಿತು ಅನ್ನುವುದೂ ತಿಳಿಯಬೇಕಾದದ್ದೇ. 2008ರಲ್ಲಿ ಶುರುವಾದ ಅಲ್ಲಿನ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೊದಲು ಕಥೆ ಬರೆಸುತ್ತಿದ್ದರು. 2011ರಲ್ಲಿ ಮನವೊಲಿಸುವ ಬರಹ ಬಂತು. ಬಂದದ್ದೇ ತಡ, ಅದೂ ಬಾಯಿಪಾಠವಾಯಿತು ಅನ್ನುವ ದೂರು ಎದ್ದಿತು. ಮೊದಲನೆಯದಾಗಿ, ಎರಡನೆಯದಾಗಿ, ಮೂರನೆಯದಾಗಿ. ಪರೀಕ್ಷೆ ಯಾವುದನ್ನು ಮುಟ್ಟಿದರೂ ಗಾದೆ ವಿಸ್ತರಣೆಯೇ ಆಗುತ್ತದೋ ಏನೋ. 2010ರಲ್ಲಿ ಅಮೆರಿಕದ ‘ಕಾಮನ್ ಕೋರ್’, ಅಂದರೆ ಯಾವ ತರಗತಿಯಲ್ಲಿ ಏನು ಕಲಿತಿರಬೇಕು ಅನ್ನುವ ಮಾನದಂಡ, ಇನ್ನೊಂದು ದಾರಿ ಹಿಡಿಯಿತು. ಮರುಳು ಮಾಡುವ ಮಾತಿಗಿಂತ ಆಧಾರ ಇರುವ ವಾದಕ್ಕೆ ಒತ್ತು ಕೊಟ್ಟಿತು.

ನಮಗೆ ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ಹೇಳಬೇಕಾದ್ದನ್ನು ಮೊದಲು ಹೇಳು, ಕಾರಣ ಕೊಡು, ಉದಾಹರಣೆ ತೋರಿಸು, ಈ ಸಂದರ್ಭಕ್ಕೆ ಅದು ಹೇಗೆ ಹೊಂದುತ್ತದೆ ಹೇಳು, ಆಮೇಲೆ ತೀರ್ಮಾನಿಸು ಅನ್ನುವುದು ನ್ಯಾಯಶಾಸ್ತ್ರದ ಹಳೇ ಕ್ರಮ. ಅದರ ಉದಾಹರಣೆಯೂ ಕೊಡಗಿಗೇ ಮಾಡಿಸಿದಂತಿದೆ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ. ಜುಲೈ ತಿಂಗಳಲ್ಲಿ ಭಾಗಮಂಡಲದ ಮಗುವಿಗೆ ಇದನ್ನು ಹೇಳಿ. ‘ಅದು ಹೊಗೆ ಅಲ್ಲ ಸಾರ್, ಮಂಜು’ ಅನ್ನುತ್ತದೆ. ಅಲ್ಲಿಂದಲೇ ಪಾಠ ಶುರು. ಕಾರಣ ಅಂತ ಕೊಟ್ಟದ್ದು ನಿಜಕ್ಕೂ ಕಾರಣವೇ ಅಂತ ನೋಡುವುದನ್ನು ಮಗು ತಾನೇ ಮಾಡಿಬಿಟ್ಟಿತು. ನಮ್ಮ ಶಾಸ್ತ್ರಕಾರರು ‘ಪೂರ್ವಪಕ್ಷ’ವನ್ನೂ ಬಿಡುತ್ತಿರಲಿಲ್ಲ. ಎದುರಿನವರ ಮಾತನ್ನು ಮೊದಲು ಸರಿಯಾಗಿ ಹೇಳಿ, ಆಮೇಲೆ ತಮ್ಮದು. ಶಾಲೆಯ ಪತ್ರದಲ್ಲಿ ಕಾಣೆಯಾಗಿರುವುದು ಇದೇ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ, ಮೈಸೂರು, ಮಂಡ್ಯದಲ್ಲಿ ಇಷ್ಟು ಇರಲಾರದು. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಯರವ, ಕುರುಬ ಭಾಷೆ ಆಡುವ ಮಕ್ಕಳಿರುತ್ತಾರೆ. ಈಚೆಗೆ ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರ ಮಕ್ಕಳೂ ಇದ್ದಾರೆ. ಅಮ್ಮನ ಹತ್ತಿರ ಗೆದ್ದ ವಾದ ಒಂದು ಭಾಷೆಯಲ್ಲಿ, ಪತ್ರ ಇನ್ನೊಂದರಲ್ಲಿ. ಅದಕ್ಕೇ ಸಿದ್ಧ ವಾಕ್ಯ ಊರುಗೋಲಾಗುತ್ತದೆ. ಮೊದಲು ಮನೆಭಾಷೆಯಲ್ಲೇ ಜೋರಾಗಿ ವಾದ ಮಾಡಲಿ, ಆಮೇಲೆ ಕನ್ನಡಕ್ಕೆ ತರಲಿ. ಮನೆಭಾಷೆ ತರಗತಿಗೆ ತೊಡಕಲ್ಲ, ಆಸರೆ ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳಿದೆ.

ವಿಷಯಕ್ಕೆ ಬರವಿಲ್ಲ. ಮಳೆ ರಜೆಯನ್ನೇ ತೆಗೆದುಕೊಳ್ಳಿ. ಜೂನ್, ಜುಲೈನಲ್ಲಿ ‘ಡಿಸಿ ರಜೆ ಕೊಟ್ರಾ?’ ಅಂತ ಬೆಳಗ್ಗೆ ಎದ್ದು ಮೊಬೈಲ್ ನೋಡದ ಮನೆ ಈ ಜಿಲ್ಲೆಯಲ್ಲಿ ಇದೆಯಾ? ಮಡಿಕೇರಿಯಲ್ಲಿ ಸುರಿಯುವಾಗ ಕುಶಾಲನಗರದಲ್ಲಿ ಬಿಸಿಲಿರುತ್ತದೆ. ಜಿಲ್ಲೆಗೆಲ್ಲ ಒಂದೇ ರಜೆ ಸರಿಯೇ? ರಜೆ ಕೊಟ್ಟರೆ ಬಿಸಿಯೂಟ ತಪ್ಪುವ ಮಗುವಿನ ಕಥೆಯೇನು? ಕೊಡದಿದ್ದರೆ ಹೊಳೆ ದಾಟಿ ಬರುವವರು ಏನು ಮಾಡಬೇಕು? 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದು ಸುಮ್ನೆ ಚರ್ಚೆಯಲ್ಲ. ಇಲ್ಲಿ ಎರಡೂ ಕಡೆ ನಿಜವಾದ ಕಾರಣಗಳಿವೆ. ಪ್ರತಿಭಾ ಕಾರಂಜಿಯ ಚರ್ಚಾ ಸ್ಪರ್ಧೆಯಲ್ಲಿ ಪರ, ವಿರೋಧ ಅಂತ ಬಾಯಲ್ಲಿ ಮಾಡುವುದನ್ನೇ ಕಾಗದದ ಮೇಲೆ ಮಾಡಿಸಬಹುದು. 2014–15ರಲ್ಲಿ ಎಸ್‌ಎಸ್‌ಎಲ್‌ಸಿಗೆ ನಿರಂತರ ಮೌಲ್ಯಮಾಪನ ಬಂದಾಗ ಪ್ರಥಮ ಭಾಷೆಯ 125 ಅಂಕಗಳಲ್ಲಿ 25 ಶಾಲೆಯ ಕೈಗೇ ಸಿಕ್ಕವು. ಇಂಥದ್ದಕ್ಕೆ ಅಲ್ಲಿ ಜಾಗ ಇತ್ತು. ಬಹಳ ಕಡೆ ಅದು ಚಾರ್ಟ್ ಅಂಟಿಸುವುದರಲ್ಲೇ ಕಳೆಯಿತು.

ಬಸ್ಸಿನ ಪತ್ರಕ್ಕೆ ವಾಪಸ್ ಬರೋಣ. ಡಿಪೋದವರ ತಕರಾರು ಗೊತ್ತೇ ಇದೆ: ಜನ ಬರಲ್ಲ, ಡೀಸೆಲ್ ಖರ್ಚೂ ಹುಟ್ಟಲ್ಲ. ಹಾಗಾದರೆ ಮಕ್ಕಳು ಒಂದು ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಣಿಸಲಿ. ಬೆಳಗ್ಗೆ ಎಂಟಕ್ಕೆ ಎಷ್ಟು ಜನ, ಅದರಲ್ಲಿ ಪಾಸ್ ಇರುವವರು ಎಷ್ಟು, ಟಿಕೆಟ್ ತೆಗೆಯುವವರು ಎಷ್ಟು. ಆಮೇಲೆ ಬರೆಯಲಿ: ‘ಇಡೀ ದಿನ ಬಸ್ ಓಡಿಸಿದರೆ ನಷ್ಟ ಆಗಬಹುದು, ಒಪ್ಪುತ್ತೇವೆ. ನಾವು ಕೇಳುತ್ತಿರುವುದು ಬೆಳಗ್ಗೆ ಒಂದು, ಸಂಜೆ ಒಂದು ಟ್ರಿಪ್ ಮಾತ್ರ. ಸಂತೆಯ ದಿನ ಟಿಕೆಟಿನವರೇ ಜಾಸ್ತಿ. ನಾವು ಎಣಿಸಿದ ಲೆಕ್ಕ ಜತೆಗಿಟ್ಟಿದ್ದೇವೆ.’ ‘ಇವರಿಂದ’, ‘ಇವರಿಗೆ’ ಎಲ್ಲ ಹಾಗೇ ಇರಲಿ. ನಮೂನೆಯ ಮೇಲೆ ನನಗೆ ಸಿಟ್ಟಿಲ್ಲ. ‘ವಿಧೇಯ’ ಬೇಕಾದರೂ ಇಟ್ಟುಕೊಳ್ಳಲಿ.

ಇಂಥ ಪತ್ರಕ್ಕೆ ನಿಜವಾದ ಓದುಗರೂ ಈಗ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆ ಹತ್ತಿರದ ಚರಂಡಿ, ಶೌಚಾಲಯದ ನೀರು, ಕಾಲುಸಂಕ, ದಾರಿಗೆ ಬರುವ ಆನೆ, ಎಲ್ಲವೂ ಅಲ್ಲಿ ಏಳುತ್ತವೆ. ಮಗು ಎದ್ದು ನಿಂತು ಮನವಿ ಓದುತ್ತದೆ, ಚಪ್ಪಾಳೆ ಬೀಳುತ್ತದೆ. ಪಿಡಿಒ ‘ಅನುದಾನ ಬಂದ ಮೇಲೆ ನೋಡೋಣ’ ಅನ್ನುತ್ತಾರೆ. ಆಗ ಮಗು ಬರೆಯಬೇಕಾದದ್ದು ಎರಡನೇ ಪತ್ರ: ಯಾವ ಅನುದಾನ, ಯಾವಾಗ ಬರುತ್ತದೆ, ಕಳೆದ ಸಲದ್ದು ಯಾವುದಕ್ಕೆ ಖರ್ಚಾಯಿತು ಅಂತ ಕೇಳುವ ಪತ್ರ. ನಾನು ನೋಡಿದ ಪತ್ರ ಲೇಖನದ ಪುಸ್ತಕಗಳಲ್ಲಿ ಎರಡನೇ ಪತ್ರದ ಮಾದರಿ ಇಲ್ಲ. ಎಲ್ಲವೂ ಮೊದಲನೆಯದಕ್ಕೇ ಮುಗಿಯುತ್ತವೆ.