ಮೇ ಸೂಟಿಗೆ ಸಮುದ್ರಕ್ಕ ಹೋದ್ರ ವಲಸೆ ಹಕ್ಕಿ ಸಿಗ್ತಾವೇನ್ರಿ?

ಪ್ರಶ್ನೆ: ಗದಗ ಜಿಲ್ಲಾದ ಮಾಗಡಿ ಕೆರಿ ಬಾತುಗಳು ಮಾರ್ಚ್‌ಗೇ ಹೋಗಿಬಿಟ್ವು. ಮೇ ಸೂಟ್ಯಾಗ ಹುಬ್ಬಳ್ಳಿಯಿಂದ ಕುಮಟಾ ಕಡೆ ಹೊಂಟೇವಿ, ಅಲ್ಲೆರೆ ನೋಡಾಕ ಸಿಗ್ತಾವೇನು?

ಉತ್ತರ: ಸಿಗ್ತಾವ್ರಿ, ಆದ್ರ ಕಮ್ಮಿ. ಆಗೋದಾದ್ರ ಎಪ್ರಿಲ್ ಮೊದಲ ಎರಡು ವಾರದಾಗ ಹೋಗಿಬರ್ರಿ, ಮಜಾ ಇರೋದು ಆವಾಗ.

ಬಿಸಿಲಿಗೆ ಹೆದರಿ ಓಡ್ತಾವ ಅಂತ ಭಾಳ ಮಂದಿ ಅಂತಾರ, ಹಂಗಲ್ಲ. ಹಗಲು ಉದ್ದ ಆಗಾಕ ಹತ್ತಿದ ಕೂಡ್ಲೇ ಇವುಕ್ಕ ಮರಿ ಮಾಡೋ ಸೀಸನ್ ಶುರು ಅಂತ ಗೊತ್ತಾಗತೈತಿ, ಮೈಯಾಗ ಕೊಬ್ಬು ತುಂಬಕೊಂಡು ಉತ್ತರಕ್ಕ ಹೊಂಡ್ತಾವ. ಕರ್ಲ್ಯೂ ಸ್ಯಾಂಡ್‌ಪೈಪರ್ ಅನ್ನೋ ಸಣ್ಣ ಕೆಸರು ಹಕ್ಕಿ ಅಂದ್ರ ಸೈಬೀರಿಯಾದ ತುದಿತನಕ! ಹೊಂಡೋ ಮೊದ್ಲ ಬಣ್ಣ ಬದಲಸ್ತಾವ, ಚಳಿಗಾಲದಾಗ ಬರೇ ಬೂದಿ ಬಣ್ಣ ಇದ್ದದ್ದು ಎಪ್ರಿಲ್‌ನ್ಯಾಗ ಎದಿ, ಹೊಟ್ಟಿ ಮ್ಯಾಲ ಇಟ್ಟಂಗಿ ಕೆಂಪು ತೇಪಿ ತೇಪಿ ಮೂಡಿ, ಅರ್ಧಕ್ಕ ಬಣ್ಣ ಹಚ್ಚಿ ಬಿಟ್ಟ ಗ್ವಾಡಿಗತೆ ಕಾಣ್ತಾವ. ಪೆಸಿಫಿಕ್ ಗೋಲ್ಡನ್ ಪ್ಲವರ್ ಅನ್ನೋ ಇನ್ನೊಂದು ದಂಡಿ ಹಕ್ಕಿಗೆ ಹೊಟ್ಟಿ ಕರ್ರಗ ಆಗತೈತಿ. ಪುಸ್ತಕದ ಚಿತ್ರಕ್ಕ ಹೊಂದೂದಿಲ್ಲ ಅಂತ ತಲಿ ಕೆಡಸ್ಕೋಬ್ಯಾಡ್ರಿ, ಕೊಕ್ಕು ನೋಡ್ರಿ, ನಡಿಗಿ ನೋಡ್ರಿ. ಪ್ಲವರ್ ಓಡತೈತಿ, ಗಪ್ಪನ ನಿಲ್ಲತೈತಿ, ಕುಕ್ಕತೈತಿ. ಸ್ಯಾಂಡ್‌ಪೈಪರ್ ಬಗ್ಗಿಸಿದ ತಲಿ ಎತ್ತದ ಕೆಸರು ಚುಚ್ಚಕೋತ ಹೋಗತೈತಿ.

ಮೇ ತಿಂಗಳದಾಗ ಉಳ್ಯೋವು ಹೆಚ್ಚಾಗಿ ಹ್ವಾದ ವರ್ಷ ಹುಟ್ಟಿದ ಹುಡುಗ್ರು. ಮರಿ ಮಾಡೋ ವಯಸ್ಸಾಗಿಲ್ಲ, ಸುಮ್ನ ಅಷ್ಟು ದೂರ ಯಾಕ ಹೋಗಬೇಕು ಅಂತ ಇಲ್ಲೇ ಠಿಕಾಣಿ.

ಜಾಗ ಅಂದ್ರ ಕುಮಟಾ ಹತ್ರ ನದಿ ಸಮುದ್ರ ಸೇರೋ ಅಘನಾಶಿನಿ ಅಳಿವೆ, ಮಾಗಡಿ ಕೆರಿ ಜೋಡಿನೇ 2024ರಾಗ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಜಾಗಗಳ ಪಟ್ಟಿ) ಸೇರಿದ್ದು. ಯಲ್ಲಾಪುರ, ಅರಬೈಲ ಘಾಟ ಇಳದು ಅಂಕೋಲಾ ಮ್ಯಾಲಾಸಿ ಹೋಗ್ರಿ. ಟೈಮ್ ಮಾತ್ರ ಗಡಿಯಾರ ನೋಡಿ ಅಲ್ಲ, ಉಬ್ಬರ-ಇಳಿತ ನೋಡಿ ಹಾಕ್ರಿ, ಅದು ದಿನಾ ಸುಮಾರು 50 ನಿಮಿಷ ಮುಂದಕ್ಕ ಹೋಗತೈತಿ. ಪೂರ್ತಿ ಇಳಿತ ಇದ್ದಾಗ ಬಳಚು (ಚಿಪ್ಪಿನ ಜೀವಿ) ತಗಿಯೋ ಮಂದಿ ಕೆಸರಿನ್ಯಾಗ ಇರ್ತಾರ, ಹಕ್ಕಿ ಎಲ್ಲೋ ದೂರ ಚುಕ್ಕಿ. ನೀರು ಏರಾಕ ಹತ್ತಿದಾಗ ಕೆಸರು ಸಣ್ಣದಾಗಿ ಅವು ತಾವಾಗೇ ದಂಡಿಗೆ ಸರೀತಾವ, ನೀವು ಒಂದ್ ಕಡೆ ಕುಂತ್ರ ಸಾಕು. ಮುಂಜಾನೆ ಪಶ್ಚಿಮಕ್ಕ ಮಾರಿ ಮಾಡಿ ಕುಂತ್ರ ಸೂರ್ಯ ಬೆನ್ನಿಗೆ ಬರತಾನ, ಬಣ್ಣ ಚಂದ ಕಾಣತೈತಿ. 8x42 ದುರ್ಬೀನು ಸಾಕು.

ಅಷ್ಟು ದೂರ ಆಗಂಗಿಲ್ಲ ಅಂದ್ರ ಎಪ್ರಿಲ್‌ನ್ಯಾಗ ಧಾರವಾಡದ ಕೆಲಗೇರಿ ಕೆರಿನೋ, ನಿಮ್ಮೂರ ಯಾವ್ದರೆ ಕೆರಿನೋ, ನೀರು ಇಳದು ಕೆಸರು ಬಿದ್ದಲ್ಲಿ ವುಡ್ ಸ್ಯಾಂಡ್‌ಪೈಪರ್ ಹುಡುಕ್ರಿ. ಎಪ್ರಿಲ್ಲೂ ತಪ್ಪಿತು ಅಂದ್ರ ಆಗಸ್ಟ್ ಕೊನಿಗೆ ಕುಮಟಾಕ್ಕ ಹೋಗ್ರಿ, ಮರಿ ಮಾಡಾಕ ಹೋಗಿದ್ದ ವಯಸ್ಸಿಗೆ ಬಂದ ಹಕ್ಕಿಗಳು ವಾಪಸ್ ಬರತಿರ್ತಾವ, ಕೆಲವಕ್ಕ ಆ ಕೆಂಪು ಇನ್ನೂ ಉಳದಿರತೈತಿ. ಛತ್ರಿ ಮರೀಬ್ಯಾಡ್ರಿ.