ಮುಳ್ಳಿಗೆ ತುಕ್ಕು ಹಿಡಿಯುವುದಿಲ್ಲವಲ್ಲ, ಆದರೂ ಟಿ.ಟಿ. ಬೇಕೇ?

ಪ್ರಶ್ನೆ: ಕೊಟ್ಟಿಗೆ ಬಾಚುವಾಗ ಜಾಲಿ ಮುಳ್ಳೊಂದು ಅಂಗಾಲಿಗೆ ಚುಚ್ಚಿ ಒಳಗೇ ಮುರಿಯಿತು. ಪಿನ್ನಿನಿಂದ ತೆಗೆದೆ, ರಕ್ತ ಹೆಚ್ಚೇನೂ ಬರಲಿಲ್ಲ. ತುಕ್ಕು ಹಿಡಿದ ಕಬ್ಬಿಣ ತಾಗಿದರೆ ಮಾತ್ರ ಧನುರ್ವಾಯು ಬರುವುದೆಂದು ಕೇಳಿದ್ದೇನೆ. ಬಾಲ್ಯದ ಲಸಿಕೆಗಳೆಲ್ಲ ಆಗಿವೆ. ಆರು ವರ್ಷಗಳ ಹಿಂದೆ ಟಿ.ಟಿ. ಕೂಡ ಹಾಕಿಸಿಕೊಂಡಿದ್ದೆ. ಮುಳ್ಳು ಚುಚ್ಚಿ ಎರಡು ದಿನ ಕಳೆದಿದೆ. ಈಗ ಮತ್ತೆ ಬೇಕೇ?

ಉತ್ತರ: ಬೇಕು, ಮತ್ತು ಇಂದೇ ಹಾಕಿಸಿಕೊಳ್ಳಿ. ಇಪ್ಪತ್ತನಾಲ್ಕು ಗಂಟೆ ಮೀರಿದರೆ ಪ್ರಯೋಜನವಿಲ್ಲ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರೂರಿದೆಯಾದರೂ ಅದು ಸರಿಯಲ್ಲ. ಗಾಯವಾದ ನಂತರ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 21 ದಿನ ಹಿಡಿಯುವುದರಿಂದ, ತಡವಾದ ಚುಚ್ಚುಮದ್ದು ಹಾಕಿಸದೇ ಇರುವುದಕ್ಕಿಂತ ಖಂಡಿತ ಮೇಲು.

ಇನ್ನು ತುಕ್ಕಿನ ಮಾತು. ಜರ್ಮನಿಯ ಆರ್ಥರ್ ನಿಕೊಲೈಯರ್ 1884ರಲ್ಲಿ ತೋಟದ ಮಣ್ಣನ್ನು ಪ್ರಾಣಿಗಳ ಚರ್ಮದಡಿ ಸೇರಿಸಿದಾಗಲೇ ಅವುಗಳಿಗೆ ಧನುರ್ವಾಯು ಬಂದಿತ್ತು. ಅಲ್ಲಿ ಮೊಳೆಯೂ ಇರಲಿಲ್ಲ, ತುಕ್ಕೂ ಇರಲಿಲ್ಲ. ರೋಗಕ್ಕೆ ಕಾರಣವಾದ ಕ್ಲಾಸ್ಟ್ರಿಡಿಯಂ ಟೆಟನಿ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ದನ-ಕುದುರೆಗಳ ಸಗಣಿ ಲದ್ದಿಯಲ್ಲಿ ಇರುತ್ತದೆ. ತುಕ್ಕು ಹಿಡಿದ ಮೊಳೆ ಬಹುಕಾಲ ಮಣ್ಣಿನಲ್ಲಿ ಬಿದ್ದಿರುತ್ತದೆ ಮತ್ತು ಆಳಕ್ಕೆ ಇಳಿಯುತ್ತದೆ ಎಂಬುದಷ್ಟೇ ಅದರ ಅಪರಾಧ. ಕೊಟ್ಟಿಗೆಯ ಮುಳ್ಳು ಈ ಎರಡು ಕೆಲಸವನ್ನೂ ಅಷ್ಟೇ ಚೆನ್ನಾಗಿ ಮಾಡಬಲ್ಲದು.

ಅದೇ 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿದ್ದಾಗ ಬ್ಯಾಕ್ಟೀರಿಯಾಗಳಿಗೆ ಬಣ್ಣ ಕಟ್ಟುವ ವಿಧಾನವೊಂದನ್ನು ಪ್ರಕಟಿಸಿದರು. ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾಗಳು ಆಲ್ಕೊಹಾಲಿನಲ್ಲಿ ತೊಳೆದರೂ ನೇರಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ; ಇವನ್ನು ಗ್ರಾಂ ಪಾಸಿಟಿವ್ ಎನ್ನುತ್ತೇವೆ. ಧನುರ್ವಾಯುವಿನ ಬ್ಯಾಕ್ಟೀರಿಯಾ ಈ ಗುಂಪಿನ ಕೋಲಿನಾಕಾರದ ಜೀವಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳ್ಳನೆಯ ನೇರಳೆ ಕಡ್ಡಿ, ಅದರ ಒಂದು ತುದಿಯಲ್ಲಿ ಬಣ್ಣ ಹಿಡಿಯದ ದುಂಡು ತಲೆ: ಥೇಟು ಬೆಂಕಿಕಡ್ಡಿ. (ಪ್ರಯೋಗಾಲಯದಲ್ಲಿ ಬೆಳೆಸಿ ಹಳೆಯದಾದ ಬ್ಯಾಕ್ಟೀರಿಯಾದಿಂದ ಸ್ಲೈಡ್ ಮಾಡಿದರೆ ನೇರಳೆ ಹೋಗಿ ಕೆಂಪಾಗಿ ಕಾಣುವುದುಂಟು, ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮೋಸ ಹೋಗುವುದು ಇಲ್ಲಿಯೇ.) ಆ ದುಂಡು ತಲೆಯೇ ಬೀಜಕ, ಅಂದರೆ ಬ್ಯಾಕ್ಟೀರಿಯಾದ ಗಟ್ಟಿ ಕವಚದ ನಿದ್ರಾರೂಪ. ಅದು ಬಿಸಿಲಿಗೆ ಒಣಗಿದರೂ ಸಾಯದೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯಬಲ್ಲದು, ಸ್ವಲ್ಪ ಹೊತ್ತಿನ ಕುದಿನೀರನ್ನೂ ತಾಳಿಕೊಳ್ಳಬಲ್ಲದು. ಹೀಗಾಗಿ ಪಿನ್ನನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಈ ಬೀಜಕ ಮೊಳೆತು ಬೆಳೆಯಬೇಕಾದರೆ ಆಮ್ಲಜನಕ ಇರಬಾರದು. ಕುಡುಗೋಲು ತಾಗಿ ರಕ್ತ ಧಾರಾಳವಾಗಿ ಹರಿದ ಗಾಯ ನೋಡಲು ಭಯಂಕರವಾಗಿದ್ದರೂ, ಗಾಳಿಯಾಡುವ ಅಂಥ ಗಾಯಕ್ಕಿಂತ, ರಕ್ತ ಹೆಚ್ಚು ಬಾರದೆ ಬಾಯಿ ಮುಚ್ಚಿಕೊಂಡ ನಿಮ್ಮ ಅಂಗಾಲಿನ ಕಿರುತೂತು ಬೀಜಕ ಮೊಳೆಯಲು ಹೆಚ್ಚು ಅನುಕೂಲ. ಮುಳ್ಳಿನ ಚೂರು ಒಳಗೆ ಉಳಿದಿದ್ದರೆ ಇನ್ನೂ ಅನುಕೂಲ. ಆದ್ದರಿಂದ ಅದು ಪೂರ್ತಿ ಬಂದಿದೆಯೇ ಎಂದು ವೈದ್ಯರಿಂದ ನೋಡಿಸಿಕೊಳ್ಳಿ.

ಮೊಳೆತ ಬ್ಯಾಕ್ಟೀರಿಯಾ ಗಾಯದಲ್ಲೇ ಉಳಿಯುತ್ತದೆ, ಪ್ರಯಾಣ ಹೊರಡುವುದು ಅದರ ನಂಜು. ಈ ನಂಜು ನರಗಳ ಗುಂಟ ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳಿಗೆ ‘ಇನ್ನು ಸಾಕು, ಸಡಿಲಾಗು’ ಎನ್ನುವ ಸಂಕೇತವನ್ನು ತಡೆದುಬಿಡುತ್ತದೆ. ಮೊದಲು ದವಡೆ ಕಚ್ಚಿಕೊಳ್ಳುತ್ತದೆ. ಆಮೇಲೆ ಕತ್ತು, ಬೆನ್ನು, ಹೊಟ್ಟೆ ಸೆಟೆದು, ಸಣ್ಣ ಸದ್ದಿಗೂ ಬೆಳಕಿಗೂ ಮೈ ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂಬ ಹೆಸರಿನಲ್ಲಿರುವ ಧನುಸ್ಸು ಇದೇ. ರೋಗಿಗೆ ಕೊನೆಯವರೆಗೂ ಎಚ್ಚರವಿರುತ್ತದೆ ಎಂಬುದು ಈ ರೋಗದ ಅತಿ ಕ್ರೂರವಾದ ಅಂಶವೆಂದು ನನಗೆ ಅನ್ನಿಸುತ್ತದೆ. ಇದರ ದಾಯಾದಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ನರಗಳಲ್ಲಿ ಹೆಚ್ಚುಕಡಿಮೆ ಇದೇ ಬಗೆಯ ಕತ್ತರಿ ಆಡಿಸಿದರೂ, ಅದು ‘ಬಿಗಿಯಾಗು’ ಎಂಬ ಸಂಕೇತವನ್ನೇ ತುಂಡರಿಸುವುದರಿಂದ ಮೈಯೆಲ್ಲ ಸೋತು ಜೋಲುತ್ತದೆ. ಅದರ ಬೀಜಕಗಳು ಜೇನುತುಪ್ಪದಲ್ಲಿ ಇರಬಹುದಾದ್ದರಿಂದ, ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ನಮ್ಮ ಮನೆಗಳ ಪದ್ಧತಿಯನ್ನು ಒಂದು ವರ್ಷ ತುಂಬುವವರೆಗೆ ಮುಂದೂಡುವುದು ಒಳ್ಳೆಯದು.

ಧನುರ್ವಾಯುವಿನ ನಂಜು ಎಷ್ಟು ತೀಕ್ಷ್ಣವೆಂದರೆ, ರೋಗ ತರಿಸುವಷ್ಟು ಪ್ರಮಾಣವೂ ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸಲು ಸಾಲದು. ಒಮ್ಮೆ ಬಂದು ವಾಸಿಯಾದವರೂ ಲಸಿಕೆ ಹಾಕಿಸಿಕೊಳ್ಳಲೇಬೇಕು. ಲಸಿಕೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಹಿಂದಿನ ಇಂಜೆಕ್ಷನ್ ಯಾವಾಗ’ ಎಂಬುದಲ್ಲ, ‘ಒಟ್ಟು ಎಷ್ಟು’ ಎಂಬುದು. ಕನಿಷ್ಠ ಮೂರು ಡೋಸ್ ಆಗಿರುವವರಿಗೆ ಶುಭ್ರವಾದ ಸಣ್ಣ ಗಾಯವಾದರೆ 10 ವರ್ಷ, ಮಣ್ಣು-ಸಗಣಿ ತಾಗಿದ ಅಥವಾ ಆಳವಾದ ಗಾಯವಾದರೆ 5 ವರ್ಷ ಕಳೆದಿದ್ದರೆ ಮತ್ತೊಂದು ಡೋಸ್ ಬೇಕು. ನಿಮ್ಮ ಆರು ವರ್ಷ ಈ ಎರಡನೆಯ ಲೆಕ್ಕಕ್ಕೆ ಬರುತ್ತದೆ. ಮೂರು ಡೋಸ್ ಆಗಿಲ್ಲದವರಿಗೆ, ನೆನಪಿಲ್ಲದವರಿಗೆ ಇಂಥ ಗಾಯವಾದರೆ ಲಸಿಕೆಯೊಂದೇ ಸಾಲದು. ನಂಜನ್ನು ತಕ್ಷಣ ಕಟ್ಟಿಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ.

ಅಂದಹಾಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಟಿ. ಕೇಳಿದರೆ ಟಿ.ಡಿ. ಕೊಡಬಹುದು, ಗಾಬರಿ ಬೇಡ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 2019ರಿಂದ ಟಿ.ಟಿ. ಜಾಗಕ್ಕೆ ಟಿ.ಡಿ. ಬಂದಿದೆ. ಅದರಲ್ಲಿರುವ ‘ಡಿ’ ಡಿಫ್ತೀರಿಯಾ, ಅಂದರೆ ಗಂಟಲುಮಾರಿ. ಅದರ ಬ್ಯಾಕ್ಟೀರಿಯಾ ಕೂಡ ಗ್ರಾಂ ಪಾಸಿಟಿವ್ ಕೋಲೇ, ಬೀಜಕ ಮಾತ್ರ ಕಟ್ಟುವುದಿಲ್ಲ.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಸಗಣಿ, ಬೂದಿ, ಮಸಿ ಯಾವುದನ್ನೂ ಮೆತ್ತಬೇಡಿ. ಹಿಂದೆ ಹಸುಗೂಸಿನ ಹೊಕ್ಕುಳಿಗೆ ಇಂಥವನ್ನೇ ಹಚ್ಚಿ ಎಷ್ಟೋ ಕೂಸುಗಳನ್ನು ಕಳೆದುಕೊಂಡಿದ್ದೇವೆ. ಗರ್ಭಿಣಿಯರಿಗೆ ಲಸಿಕೆ ಮತ್ತು ಶುಚಿಯಾದ ಹೆರಿಗೆಯ ಬಲದಿಂದ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆನಿಸಿತು. ಮಣ್ಣಿನಲ್ಲಿ ಬೀಜಕಗಳು ಅಂದಿನಂತೆ ಇಂದಿಗೂ ಇವೆ.

ಮುಂದಿನ ಮೂರು ವಾರಗಳಲ್ಲಿ ಬಾಯಿ ತೆರೆಯಲು ಬಿಗಿಯಾದರೆ, ನುಂಗಲು ಕಷ್ಟವಾದರೆ ಅಥವಾ ಕತ್ತು ಸೆಟೆದರೆ ಹಲ್ಲುನೋವೆಂದೋ ಉಳುಕೆಂದೋ ಕಾಯದೆ, ತೀವ್ರ ನಿಗಾ ಘಟಕವಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಿ, ಮುಳ್ಳು ಚುಚ್ಚಿದ ವಿಷಯವನ್ನು ಮೊದಲು ಹೇಳಿ.